ಸ್ಟೀರಾಯ್ಡ್ ಬರೆದ ಚೀಟಿಯಲ್ಲೇ ಮೂಳೆಗೂ ಒಂದು ಸಾಲು

ಬಸವನಗುಡಿಯ ನನ್ನ ಕ್ಲಿನಿಕ್ಕಿನಲ್ಲಿ ಸಂಧಿವಾತಕ್ಕೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಬರೆಯುತ್ತಿದ್ದ ಮೊದಲ ವರ್ಷಗಳಲ್ಲಿ, ಊತ ಇಳಿಯಲಿ, ಆಮೇಲೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸೋಣ ಎಂದು ಮೂಳೆಯ ವಿಚಾರವನ್ನು ಮುಂದಿನ ಭೇಟಿಗೆ ತಳ್ಳುತ್ತಿದ್ದೆ. ಆ ಲೆಕ್ಕ ತಪ್ಪೆಂದು ತೋರಿಸಿದವರು ಅರವತ್ತು ದಾಟಿದ ಗೃಹಿಣಿಯೊಬ್ಬರು. ಔಷಧ ಆರಂಭಿಸಿ ಐದು ತಿಂಗಳಾಗಿತ್ತು. ಕಾವೇರಿ ನೀರು ಬಿಟ್ಟ ಬೆಳಿಗ್ಗೆ ತುಂಬಿದ ಬಕೆಟ್ ಎತ್ತಿದಾಗ ಬೆನ್ನಿನಲ್ಲಿ ಚಳುಕು ಹೊಡೆಯಿತು. ಎಕ್ಸ್-ರೇಯಲ್ಲಿ ಬೆನ್ನೆಲುಬಿನ ಒಂದು ಮಣಿ ಮುಂಭಾಗದಲ್ಲಿ ಬೆಣೆಯಂತೆ ಕುಸಿದಿತ್ತು. ಡೆಕ್ಸಾದ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ) ಮಾತ್ರ ಮೈನಸ್ 1.9, ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗುವ ರೋಗ) ಎನ್ನುವ ಮೈನಸ್ 2.5ರ ಗೆರೆಯನ್ನು ಅದು ಮುಟ್ಟಿಯೇ ಇರಲಿಲ್ಲ.

ಸ್ಟೀರಾಯ್ಡ್ ಮೂಳೆ ಕಟ್ಟುವ ಕೋಶಗಳನ್ನೇ ಕುಗ್ಗಿಸುತ್ತದೆ, ಕರುಳು ಕ್ಯಾಲ್ಸಿಯಂ ಹೀರುವುದನ್ನು ತಗ್ಗಿಸುತ್ತದೆ. ನಷ್ಟ ಮೊದಲ ಮೂರರಿಂದ ಆರು ತಿಂಗಳಲ್ಲೇ ಅತಿ ವೇಗವಾಗಿರುತ್ತದೆ. ಸಾಂದ್ರತೆ ಇಳಿದದ್ದು ಕಾಣಿಸುವ ಮುನ್ನವೇ ಮುರಿತದ ಅಪಾಯ ಏರಿರುತ್ತದೆ. ಹೀಗಾಗಿ ದಿನಕ್ಕೆ 2.5 ಮಿಲಿಗ್ರಾಂ ಅಥವಾ ಹೆಚ್ಚಿನ ಪ್ರಮಾಣದ ಪ್ರೆಡ್ನಿಸೊಲೋನ್ ಮೂರು ತಿಂಗಳು ದಾಟುವಂತಿದ್ದರೆ, ಅದೇ ಚೀಟಿಯಲ್ಲಿ ಮೂಳೆಯ ರಕ್ಷಣೆಯನ್ನೂ ಬರೆಯುತ್ತೇನೆ.

ಕ್ಯಾಲ್ಸಿಯಂ ಆಹಾರವೂ ಸೇರಿ ದಿನಕ್ಕೆ 1000ರಿಂದ 1200 ಮಿಲಿಗ್ರಾಂ ಸಾಕು. ನೂರು ಗ್ರಾಂ ರಾಗಿಯಲ್ಲೇ ಸುಮಾರು 350 ಮಿಲಿಗ್ರಾಂ ಇರುವುದರಿಂದ ಮೊದಲು ಊಟದ ವಿವರ ಕೇಳಿ, ಆಮೇಲೆ ಮಾತ್ರೆಯ ಸಂಖ್ಯೆ ನಿರ್ಧರಿಸುತ್ತೇನೆ. ವಾರಕ್ಕೊಂದರಂತೆ ಬರೆಯುವ 60,000 ಯೂನಿಟ್ ವಿಟಮಿನ್ ಡಿ ಪುಡಿಗೆ ಕೊನೆಯ ದಿನಾಂಕವನ್ನೂ ನಮೂದಿಸುತ್ತೇನೆ. ಇಲ್ಲದಿದ್ದರೆ ನಮ್ಮ ಜನ ಅದನ್ನು ವರ್ಷಗಟ್ಟಲೆ ಬಿಡುವುದಿಲ್ಲ.

ಆ ಗೃಹಿಣಿಗೆ ಹೊಸ ಮೂಳೆ ಕಟ್ಟಿಸುವ ದಿನನಿತ್ಯದ ಟೆರಿಪ್ಯಾರಟೈಡ್ ಚುಚ್ಚುಮದ್ದು ಸೂಚಿಸಿದೆ, ಒಪ್ಪಲಿಲ್ಲ. ಮೂತ್ರಪಿಂಡ ಮತ್ತು ಹಲ್ಲುಗಳ ಪರೀಕ್ಷೆ ಮಾಡಿಸಿ, ಮೂಳೆ ಸವೆತ ತಡೆಯುವ, ವರ್ಷಕ್ಕೊಮ್ಮೆಯ 5 ಮಿಲಿಗ್ರಾಂ ಜೋಲೆಡ್ರಾನಿಕ್ ಆಮ್ಲದ ಡ್ರಿಪ್ ಹಾಕಿಸಿದೆ. ಎರಡು ದಿನ ಜ್ವರ ಬಂತು, ಪ್ಯಾರಾಸಿಟಮಾಲ್‌ಗೆ ಇಳಿಯಿತು. ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸದೆ ಮೆಲ್ಲಮೆಲ್ಲನೆ ಇಳಿಸಿದೆವು.

ಹೆಚ್ಚು ಎಡವಟ್ಟಾಗುವುದು ಮೂಳೆ ಸವೆತ ತಡೆಯಲು ವಾರಕ್ಕೊಮ್ಮೆ ನುಂಗುವ 70 ಮಿಲಿಗ್ರಾಂ ಅಲೆಂಡ್ರೊನೇಟ್ ಮಾತ್ರೆಯಲ್ಲಿ. ನಿವೃತ್ತರೊಬ್ಬರು ವರ್ಷವಿಡೀ ತಪ್ಪದೆ ನುಂಗಿದ್ದರು, ಆದರೆ ಭಾನುವಾರದ ಫಿಲ್ಟರ್ ಕಾಫಿಯ ಜೊತೆ; ಆಮೇಲೆ ಪೇಪರ್ ಹಿಡಿದು ಒರಗುತ್ತಿದ್ದರು. ಕಾಫಿಯೊಂದೇ ಮಾತ್ರೆಯ ಹೀರಿಕೆಯನ್ನು ಶೇಕಡಾ 60ರಷ್ಟು ತಗ್ಗಿಸುತ್ತದೆ, ಒರಗಿದರೆ ಅನ್ನನಾಳ ಸುಡುತ್ತದೆ. ಅವರ ಎದೆಯುರಿಗೆ ನಾನು ಬೇರೆ ಮಾತ್ರೆ ಬರೆದಿದ್ದೆನೇ ಹೊರತು, ಹೇಗೆ ನುಂಗುತ್ತೀರಿ ಎಂದು ಕೇಳಿರಲಿಲ್ಲ. ಈಗ ಅವರು ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ಬರೀ ನೀರಿನಲ್ಲಿ ನುಂಗಿ, ಬ್ಯೂಗಲ್ ರಾಕ್ ಪಾರ್ಕಿನಲ್ಲಿ ಅರ್ಧ ಗಂಟೆ ಸುತ್ತಿ ಬಂದ ಮೇಲೆಯೇ ಕಾಫಿ ಕೇಳುತ್ತಾರಂತೆ.