ಮೀಟಿಂಗ್‌ನಲ್ಲಿ ಎಲ್ಲರ ಮಾತೂ ಕೇಳಿಸಬೇಕಾದರೆ: ಸಭೆ ನಡೆಸುವವರಿಗೆ

ಮೀಟಿಂಗ್‌ಗಳಲ್ಲಿ ಹೆಣ್ಣುಮಕ್ಕಳು ಮಾತಾಡುವುದು ಕಡಿಮೆಯಾದರೆ, ‘ಇನ್ನಷ್ಟು ಧೈರ್ಯ ಮಾಡಿ’ ಎಂಬ ಬುದ್ಧಿವಾದ ಅವರಿಗೇ ಹೋಗುತ್ತದೆ. ತಿದ್ದಬೇಕಾದದ್ದು ಮೀಟಿಂಗ್ ನಡೆಯುವ ರೀತಿಯನ್ನು. ಅದು ಸಭೆ ನಡೆಸುವವರ ಕೈಯಲ್ಲಿದೆ.

ಮೊದಲು ಎಣಿಸಿ. ಮೂರು ಮೀಟಿಂಗ್‌ಗಳಲ್ಲಿ ಒಂದು ಹಾಳೆಯ ಮೇಲೆ ಎಲ್ಲರ ಹೆಸರು ಬರೆದು, ಮಾತಾಡಿದಾಗಲೆಲ್ಲ ಒಂದು ಗೆರೆ, ಮಾತು ಅರ್ಧಕ್ಕೆ ತುಂಡಾದಾಗ ಒಂದು ಗುಣಿಸು ಚಿಹ್ನೆ ಹಾಕಿಸಿ. ಚರ್ಚೆ ನಡೆಸುತ್ತಲೇ ಎಣಿಸಲು ಆಗುವುದಿಲ್ಲ, ಈ ಕೆಲಸ ಬೇರೊಬ್ಬರಿಗೆ ವಹಿಸಿ. ಅಂದಾಜನ್ನು ನಂಬಬೇಡಿ.

ಕಾರ್ಯಸೂಚಿಯನ್ನು ಎರಡು ದಿನ ಮೊದಲೇ ಕಳಿಸಿ. ಪ್ರತಿ ವಿಷಯದ ಮುಂದೆ ಅದನ್ನು ಮಂಡಿಸುವವರ ಹೆಸರು, ಎಷ್ಟು ನಿಮಿಷ ಎಂಬುದೂ ಇರಲಿ. ಕಾರಿಡಾರ್‌ನಲ್ಲಿ ಮೊದಲೇ ಮಾತಾಡಿಕೊಂಡವರಷ್ಟೇ ತಯಾರಾಗಿ ಬರುವುದು ಆಗ ತಪ್ಪುತ್ತದೆ.

‘ಯಾರಿಗಾದರೂ ಏನಾದರೂ ಹೇಳೋದಿದೆಯಾ?’ ಎಂದು ಚರ್ಚೆ ಶುರು ಮಾಡಬೇಡಿ. ಆ ಪ್ರಶ್ನೆ ಬೇಗ ಬಾಯಿ ತೆರೆಯುವವರ ಪಾಲಾಗುತ್ತದೆ. ಎರಡು ನಿಮಿಷ ಎಲ್ಲರೂ ಸುಮ್ಮನೆ ಬರೆದುಕೊಳ್ಳಲಿ, ಆಮೇಲೆ ಕಿರಿಯರಿಂದ ಶುರುಮಾಡಿ ತಲಾ ಒಂದು ನಿಮಿಷ. ಮೊದಲ ಮಾತು ಯಾರದು ಎಂಬುದು ಸಣ್ಣ ಸಂಗತಿಯಲ್ಲ: ವಿಶ್ವವಿದ್ಯಾಲಯಗಳ ಸೆಮಿನಾರ್‌ಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಪ್ರಶ್ನೆ ಗಂಡಸರಿಂದ ಬಂದಾಗ ಹೆಂಗಸರ ಪ್ರಶ್ನೆಗಳ ಪಾಲು ಇನ್ನೂ ಕಡಿಮೆಯಾಗಿತ್ತು. ಹಾಗೆಂದು ‘ಮಹಿಳೆಯರ ಅಭಿಪ್ರಾಯ ಏನು?’ ಎಂದು ಕೇಳಿದರೆ ಕೆಲಸ ಕೆಡುತ್ತದೆ, ಒಬ್ಬರನ್ನು ಇಡೀ ಹೆಣ್ಣುಕುಲದ ಪ್ರತಿನಿಧಿ ಮಾಡಿದಂತಾಗುತ್ತದೆ. ‘ಈ ಅಂದಾಜು ನೀವೇ ಮಾಡಿದ್ದು, ಗಡುವು ಸಾಕಾಗುತ್ತಾ?’ ಎಂದು ಅವರ ಕೆಲಸದ ಬಗ್ಗೆಯೇ ಕೇಳಿ. ಸಂಬೋಧನೆಯನ್ನೂ ಗಮನಿಸಿ: ಗಂಡಸರಿಗೆಲ್ಲ ‘ಸರ್’, ಹೆಂಗಸರಿಗೆ ಬರೀ ಹೆಸರು ಎಂಬಂತಾಗಬಾರದು.

ಅತ್ಯಂತ ಕಷ್ಟದ ಭಾಗ, ಮಧ್ಯೆ ಬಾಯಿ ಹಾಕುವುದನ್ನು ತಡೆಯುವುದು. ಎರಡು ಮೂರು ಸೆಕೆಂಡಿನೊಳಗೆ, ದನಿ ಏರಿಸದೆ, ‘ಒಂದು ನಿಮಿಷ, ಅವರು ಮುಗಿಸಲಿ, ಆಮೇಲೆ ನೀವು’ ಎನ್ನಿ. ತಡಮಾಡಿದರೆ ಚರ್ಚೆ ಆಗಲೇ ಬೇರೆ ಕಡೆ ಹೊರಳಿರುತ್ತದೆ. ಆಮೇಲೆ ‘ಮುಂದುವರಿಸಿ’ ಎಂದಷ್ಟೇ ಹೇಳಿದರೆ ಸಾಲದು, ಎಳೆ ತಪ್ಪಿರುತ್ತದೆ. ‘ಎರಡನೇ ಕಾರಣ ಹೇಳ್ತಾ ಇದ್ರಿ’ ಎಂದು ನಿಂತ ಜಾಗವನ್ನೇ ನೆನಪಿಸಿ. ಬಾಯಿ ಹಾಕಿದವರು ಮೇಲಧಿಕಾರಿಯಾದರೂ ಇದೇ ಮಾತು, ಇದೇ ದನಿ. ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲೇ ಮಹಿಳಾ ನ್ಯಾಯಮೂರ್ತಿಗಳ ಮಾತು ಹೆಚ್ಚಾಗಿ ತುಂಡಾಗುತ್ತದೆ ಎಂದು 2017ರ ಅಧ್ಯಯನವೊಂದು ತೋರಿಸಿತ್ತು. 2021ರಲ್ಲಿ ಅಲ್ಲಿ ಸರದಿಯಂತೆ ಪ್ರಶ್ನೆ ಕೇಳುವ ಸುತ್ತು ಬಂತು, ಅದಕ್ಕೆ ಇಂಥ ಅಧ್ಯಯನಗಳೂ ಒಂದು ಕಾರಣ ಎಂದು ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಹೇಳಿದ್ದರು. ಅಂಥ ಕಡೆಯೇ ನಿಯಮ ಬೇಕಾಯಿತೆಂದರೆ, ನಮ್ಮ ಮೀಟಿಂಗ್‌ಗೆ ಬರೀ ಒಳ್ಳೆಯ ಮನಸ್ಸು ಸಾಕಾಗುವುದಿಲ್ಲ.

ಒಬ್ಬರ ಸಲಹೆಯನ್ನು ಇನ್ನೊಬ್ಬರು ಮತ್ತೆ ಹೇಳಿ ಹೊಗಳಿಸಿಕೊಳ್ಳುವುದೂ ಇದೆ. ‘ಇದು ಮೊದಲು ಅವರು ಹೇಳಿದ್ದು, ನೀವು ಖರ್ಚಿನ ಅಂಶ ಸೇರಿಸಿದಿರಿ’ ಎಂದು ಆಗಲೇ ಹೇಳಿ, ನಡಾವಳಿಯಲ್ಲೂ ಮೂಲ ಹೆಸರು ಬರೆಸಿ. ಒಬಾಮ ಕಾಲದ ಶ್ವೇತಭವನದ ಮಹಿಳಾ ಸಿಬ್ಬಂದಿ ಒಬ್ಬರ ಮಾತನ್ನು ಇನ್ನೊಬ್ಬರು ಹೆಸರು ಹೇಳಿ ಎತ್ತಿಹಿಡಿಯುತ್ತಿದ್ದುದು ಇದೇ ಕಾರಣಕ್ಕೆ.

ನಡಾವಳಿ ಬರೆಯಲು ‘ಯಾರು ಬರೀತೀರಿ?’ ಎಂದು ಕೇಳಬೇಡಿ, ಕೈ ಎತ್ತುವವರು ಹೆಚ್ಚಾಗಿ ಹೆಂಗಸರೇ. ಅಕಾರಾದಿಯಾಗಿ ಸರದಿ ಪಟ್ಟಿ ಮಾಡಿ, ಅದರಲ್ಲಿ ಮುಖ್ಯಸ್ಥರ ಹೆಸರೂ ಇರಲಿ. ಸಭೆ ನಡೆಸುವ ಸರದಿಯೂ ಹಾಗೆಯೇ ತಿರುಗಲಿ. ಆನ್‌ಲೈನ್ ಆದರೆ ಚಾಟ್‌ನಲ್ಲಿ ಬಂದದ್ದನ್ನು ಓದಿ ಹೇಳಲು ಒಬ್ಬರನ್ನು ನೇಮಿಸಿ.

ಆರು ವಾರ ಕಳೆದ ಮೇಲೆ ಮತ್ತೆ ಎಣಿಸಿ. ಗೆರೆಗಳು ಸಮವಾಗುತ್ತ ಬಂದರೂ ತೀರ್ಮಾನಗಳ ಮುಂದೆ ಹಳೆಯ ಹೆಸರುಗಳೇ ಉಳಿದಿದ್ದರೆ, ತೀರ್ಮಾನ ಮೀಟಿಂಗ್‌ನ ಹೊರಗೆಲ್ಲೋ ಆಗುತ್ತಿದೆ. ಆಗ ಒಂದು ನಿಯಮ ಮಾಡಿ: ಕಾರ್ಯಸೂಚಿಯಲ್ಲಿ ಇಲ್ಲದ ವಿಷಯ ಆ ದಿನ ತೀರ್ಮಾನವಾಗುವುದಿಲ್ಲ.