ಬಕುಳದ ಬೇರು ಕೊಳೆತ ಮಳೆಗಾಲ: ಪುಣೆಯ ಎರೆಮಣ್ಣಿನಲ್ಲಿ ನಾನು ಕಲಿತ ಕೆಲಸ

ಇಂಡಿ ತಾಲ್ಲೂಕಿನ ಎರೆಹೊಲದಲ್ಲಿ ಬೆಳೆದು, ತೋಟಗಾರಿಕೆ ಇಲಾಖೆಯವರು ರೈತರ ಮಕ್ಕಳಿಗೆಂದು ನಡೆಸುವ 10 ತಿಂಗಳ ತರಬೇತಿ ಮುಗಿಸಿ ಪುಣೆಗೆ ಬಂದವನು ನಾನು. ಹಡಪಸರ, ಖರಾಡಿ, ವಾಘೋಲಿ ಕಡೆಯ ಹೌಸಿಂಗ್ ಸೊಸೈಟಿಗಳ ಉದ್ಯಾನಗಳನ್ನು ಬೆಳೆಸಿ ನೋಡಿಕೊಳ್ಳುವುದು ನನ್ನ ಕೆಲಸ. ಜೊತೆಗೆ ದುಡಿಯುವ ಮಾಲಿಗಳಲ್ಲಿ ಹೆಚ್ಚಿನವರು ಅಫಜಲಪುರ, ಆಳಂದದ ಕಡೆಯವರಾದ್ದರಿಂದ ಗುಂಡಿ ತೋಡುವಾಗಿನ ಮಾತೆಲ್ಲ ಕನ್ನಡದಲ್ಲೇ ನಡೆಯುತ್ತದೆ. ಸೊಸೈಟಿಯ ಕಮಿಟಿಯವರೊಡನೆ ಮರಾಠಿ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ತೋರಿಸುವುದು ನೀರು ಹೊರಹೋಗುವ ದಾರಿಯನ್ನು. ಅದರ ಬೆಲೆ ನನಗೆ ತಿಳಿದದ್ದು ಹನ್ನೊಂದು ಬಕುಳದ ಗಿಡಗಳನ್ನು ಕಳೆದುಕೊಂಡ ಮೇಲೆ.

ಖರಾಡಿಯ ಒಂದು ಸೊಸೈಟಿಯಲ್ಲಿ ಕಾಂಪೌಂಡಿನ ಉದ್ದಕ್ಕೂ ನಲವತ್ತು ಬಕುಳದ ಗಿಡಗಳನ್ನು ಬೇರೊಬ್ಬ ಗುತ್ತಿಗೆದಾರರು ನೆಟ್ಟಿದ್ದರು. ನಾನು ಜವಾಬ್ದಾರಿ ವಹಿಸಿಕೊಂಡಾಗ ಅವು ಎರಡನೆಯ ವರ್ಷದಲ್ಲಿದ್ದವು, ನೋಡಲು ಆರೋಗ್ಯವಾಗಿಯೇ ಇದ್ದವು. ಜುಲೈ ಕೊನೆಯ ಹೊತ್ತಿಗೆ ಎಲೆಗಳು ಜೋತುಬಿದ್ದು ಹಳದಿಗೆ ತಿರುಗತೊಡಗಿದವು. ಆ ವಾರ ಮಳೆ ಬಿಡುವು ಕೊಟ್ಟಿದ್ದರಿಂದ ನೀರು ಸಾಲದೆ ಬಾಡುತ್ತಿವೆ ಎಂದು ಭಾವಿಸಿ, ಡ್ರಿಪ್ ಓಡುವ ಸಮಯವನ್ನು ನಾನೇ ಎರಡರಷ್ಟು ಮಾಡಿದೆ. ಹತ್ತು ದಿನಗಳಲ್ಲಿ ಐದು ಗಿಡಗಳ ಎಲೆ ಪೂರ್ತಿ ಉದುರಿತು.

ನಮ್ಮ ತಂಡದ ಹಿರಿಯ ಮಾಲಿ, ನಾವೆಲ್ಲ ಕಾಕಾ ಎಂದೇ ಕರೆಯುವವರು, ಒಂದು ಗಿಡದ ಪಕ್ಕದಲ್ಲಿ ಗುದ್ದಲಿಯಿಂದ ಒಂದೂವರೆ ಅಡಿ ತೋಡಿ, ಹಿಡಿ ಮಣ್ಣನ್ನು ಮೂಗಿನ ಹತ್ತಿರ ಹಿಡಿದು, "ತಮ್ಮಾ, ಮಣ್ಣು ನಾರ್ಲಿಕತ್ತದ ನೋಡು" ಎಂದರು. ಚರಂಡಿಯಲ್ಲಿ ಬರುವಂಥದೇ ಕೊಳೆತ ವಾಸನೆ. ಒಂದು ಎಳೆ ಬೇರನ್ನು ಬೆರಳುಗಳ ನಡುವೆ ಹಿಡಿದು ಎಳೆದೆ. ಕಂದುಗಟ್ಟಿದ ಸಿಪ್ಪೆ ನೆನೆದ ಕಾಗದದಂತೆ ಕೈಯಲ್ಲೇ ಉಳಿಯಿತು, ಒಳಗಿನ ನಾರು ಮಾತ್ರ ದಾರದ ಹಾಗೆ ಹೊರಬಂತು. ಆರೋಗ್ಯವಾದ ಬೇರು ಹೀಗೆ ಸುಲಿಯುವುದಿಲ್ಲ. ಮಣ್ಣಿನ ಸಂದುಗಳಲ್ಲಿ ನೀರೇ ತುಂಬಿಕೊಂಡಾಗ ಬೇರಿಗೆ ಗಾಳಿ ಸಿಗದೆ, ಸುತ್ತ ನೀರಿದ್ದರೂ ಅದನ್ನು ಹೀರುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ. ಆದ್ದರಿಂದ ನೀರು ಹೆಚ್ಚಾದ ಗಿಡವೂ ನೀರಿಲ್ಲದ ಗಿಡದಂತೆಯೇ ಬಾಡುತ್ತದೆ. ತರಬೇತಿಯಲ್ಲಿ ಇದನ್ನು ಬರೆದುಕೊಂಡಿದ್ದೆ, ಆದರೂ ಕಣ್ಣೆದುರು ನಡೆದಾಗ ಗುರುತಿಸಲಿಲ್ಲ ಎಂಬ ನೋವು ನನಗೆ ಈಗಲೂ ಇದೆ.

ಪುಣೆಯ ಪೂರ್ವಭಾಗದ ನೆಲ ಬಹುತೇಕ ನಮ್ಮೂರಿನ ಎರೆಯಂತೆಯೇ: ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಟ್ಟು, ಮಳೆಗೆ ಉಬ್ಬಿ ಮುಚ್ಚಿಕೊಂಡು ನೀರನ್ನು ಕೆಳಗೆ ಬಿಡದ ಜೇಡಿ. ಇಲ್ಲಿ ವರ್ಷಕ್ಕೆ ಬೀಳುವ ಸುಮಾರು 700 ಮಿಲಿಮೀಟರ್ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಅಂಥ ನೆಲದಲ್ಲಿ ಮೂರಡಿಯ ಗುಂಡಿ ತೋಡಿ, ನುಣುಪಾದ ಅದರ ಗೋಡೆಗಳನ್ನು ಹಾಗೆಯೇ ಬಿಟ್ಟು, ಒಳಗೆ ಸಡಿಲವಾದ ಕೆಂಪುಮಣ್ಣು ತುಂಬಿದರೆ ಆ ಗುಂಡಿ ಹೂತಿಟ್ಟ ಬಕೆಟ್ಟಾಗುತ್ತದೆ. ಸುತ್ತಲಿನ ನೀರೆಲ್ಲ ಅಲ್ಲಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಖರಾಡಿಯಲ್ಲಿ ಆಗಿದ್ದೂ ಇದೇ. ಅದರ ಜೊತೆಗೆ ಹಿಂದಿನ ಗುತ್ತಿಗೆದಾರರು ಎಂಟು ಗಿಡಗಳ ಬುಡವನ್ನು ಅರ್ಧ ಅಡಿಯಷ್ಟು ಆಳದಲ್ಲಿ ಹೂಳಿದ್ದರು. ಕಾಂಡ ಅಗಲವಾಗಿ ಬೇರುಗಳಾಗಿ ಹರಡುವ ಜಾಗ ನೆಲದ ಮಟ್ಟಕ್ಕೆ ಕಾಣುತ್ತಿರಬೇಕು. ನರ್ಸರಿಯ ಚೀಲದಲ್ಲೇ ಮೇಲಿನಿಂದ ಮಣ್ಣು ಏರಿಸಿರುವುದುಂಟು, ಆದ್ದರಿಂದ ಚೀಲದ ಮಟ್ಟವನ್ನು ನಂಬದೆ ಬೆರಳಿನಿಂದ ಕೆದಕಿ ಆ ಜಾಗವನ್ನು ಹುಡುಕಿಯೇ ನಾನೀಗ ನೆಡಿಸುತ್ತೇನೆ.

ಮೊದಲು ಡ್ರಿಪ್ ನಿಲ್ಲಿಸಿದೆವು. ಸಾಲಿನ ಪಕ್ಕದಲ್ಲಿ ಗುಂಡಿಗಳ ತಳಕ್ಕಿಂತ ತುಸು ಕೆಳಗಿಳಿಯುವ ಕಾಲುವೆ ತೋಡಿ, ಪ್ರತಿ ಗುಂಡಿಯ ಗೋಡೆಯನ್ನು ಹಾರೆಯಿಂದ ಒಡೆದು ಅದಕ್ಕೆ ಕೂಡಿಸಿದೆವು. ಕಾಲುವೆಯಲ್ಲಿ ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ತೂತುಗಳಿರುವ 4 ಇಂಚಿನ ಪೈಪಿಟ್ಟು, ಸುತ್ತ 20 ಮಿಲಿಮೀಟರ್ ಖಡಿ ತುಂಬಿ, 100 ಅಡಿಗೆ 1 ಅಡಿ ಇಳಿಜಾರು ಕೊಟ್ಟು ಮಳೆನೀರಿನ ಚೇಂಬರಿಗೆ ಜೋಡಿಸಿದೆವು. ಇಷ್ಟಾದರೂ ಹನ್ನೊಂದು ಗಿಡಗಳು ಹೋದವು, ಹೂತಿದ್ದ ಎಂಟರಲ್ಲಿ ಮೂರು ಮಾತ್ರ ಉಳಿದವು. ಆ ಮೂರನ್ನು ಮರುವರ್ಷ ಜೂನ್‌ನಲ್ಲಿ ಮಣ್ಣಿನ ಹೆಂಟೆಸಮೇತ ಎತ್ತಿ ದಿಬ್ಬದ ಮೇಲೆ ಕೂರಿಸಿದೆವು. ತಗ್ಗಿನಲ್ಲಿ ಸತ್ತ ಗಿಡಗಳ ಜಾಗಕ್ಕೆ ಹಸಿನೆಲವನ್ನು ತಡೆದುಕೊಳ್ಳುವ ಹೊಳೆದಾಸವಾಳ ಹಾಕಿದೆವು. ಮರಾಠಿಯವರು ತಾಮ್ಹಣ ಎನ್ನುವ ಇದರ ಹೂವೇ ಮಹಾರಾಷ್ಟ್ರದ ರಾಜ್ಯಪುಷ್ಪವಾದ್ದರಿಂದ ಕಮಿಟಿಯವರೂ ಸಂತೋಷದಿಂದ ಒಪ್ಪಿದರು.

ಗುಂಡಿಯ ತಳಕ್ಕೆ ಇಟ್ಟಿಗೆ ಚೂರು ಹಾಕಿದರೆ ನೀರು ಬಸಿಯುತ್ತದೆ ಎಂಬ ನಂಬಿಕೆ ನಮ್ಮ ಮಾಲಿಗಳಲ್ಲಿ ಗಟ್ಟಿಯಾಗಿದೆ. ಹೊರದಾರಿ ಇಲ್ಲದ ಗುಂಡಿಯಲ್ಲಿ ಅದರಿಂದ ಪ್ರಯೋಜನವಿಲ್ಲ: ನುಣುಪು ಮಣ್ಣು ಪೂರ್ತಿ ನೆನೆಯುವವರೆಗೂ ನೀರು ಕೆಳಗಿನ ದಪ್ಪ ಚೂರುಗಳಿಗೆ ಇಳಿಯುವುದಿಲ್ಲ, ಹಾಗಾಗಿ ತೇವದ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಒಂದೇ ಅಳತೆಯ ಎರಡು ಕುಂಡಗಳಲ್ಲಿ ಇದನ್ನು ಮಾಡಿ ತೋರಿಸಿದ ಮೇಲೆಯೇ ಕಾಕಾ ಒಪ್ಪಿದ್ದು.

ಈಗ ಹೊಸ ಜಾಗದಲ್ಲಿ ಗಿಡಗಳ ಪಟ್ಟಿ ಮಾಡುವ ಮೊದಲು ಒಂದಡಿ ಗುಂಡಿ ತೋಡಿಸಿ, ನೀರು ತುಂಬಿ ಬಸಿಯಲು ಬಿಟ್ಟು, ಎರಡನೆಯ ಸಲ ತುಂಬಿದಾಗ ಅಳತೆಪಟ್ಟಿ ಇಡುತ್ತೇನೆ. ಗಂಟೆಗೆ ಒಂದು ಇಂಚಾದರೂ ಇಳಿಯದಿದ್ದರೆ ಅಲ್ಲಿ ದಿಬ್ಬ ಅಥವಾ ಪೈಪು ಬೇಕೇ ಬೇಕು. ಇಲ್ಲಿನ ಸೊಸೈಟಿಗಳು ಉದ್ಯಾನಕ್ಕೆ ಕೊಡುವ ಎಸ್‌ಟಿಪಿ ನೀರಿನ, ಅಂದರೆ ಶುದ್ಧೀಕರಿಸಿದ ಕೊಳಚೆ ನೀರಿನ, ಲವಣಾಂಶವನ್ನೂ ತಿಂಗಳಿಗೊಮ್ಮೆ ಮೀಟರಿನಿಂದ ನೋಡುತ್ತೇನೆ, ಏಕೆಂದರೆ ಅದರಲ್ಲಿ ಸೋಡಿಯಂ ಹೆಚ್ಚಿದ್ದರೆ ಎರೆಮಣ್ಣು ಇನ್ನಷ್ಟು ಬಿಗಿದುಕೊಳ್ಳುತ್ತದೆ.

ಉಳಿದ ಇಪ್ಪತ್ತೊಂಬತ್ತು ಬಕುಳಗಳಲ್ಲಿ ಈಗ ಹೂ ಬಿಡುತ್ತಿದೆ. ಪ್ರತಿ ವರ್ಷ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಳಿಗ್ಗೆ ಕಾಕಾ ಮತ್ತು ನಾನು ಚೇಂಬರಿನ ಮುಚ್ಚಳ ತೆಗೆದು, ಪೈಪಿನ ಬಾಯಿಂದ ನೀರು ಬರುತ್ತಿದೆಯೇ ಎಂದು ನೋಡುತ್ತೇವೆ.