ಪ್ರೋಬ್ ಟ್ಯೂಬ್ ಬಂತಾ? ಮುಚ್ಚಳ ತೆಗೆಯುವ ಮುಂಚೆ ಇದನ್ನು ಓದಿ

ಕೊರಿಯರ್‌ನಲ್ಲಿ ಬಂದ ಟ್ಯೂಬನ್ನು ಎತ್ತಿ ನೋಡಿದರೆ ಒಳಗೆ ಏನೂ ಇಲ್ಲ ಅನಿಸುತ್ತದೆ. ಇದೆ. ಒಣಗಿಸಿದ ಪ್ರೋಬ್ ತಳದಲ್ಲೋ ಗೋಡೆಯಲ್ಲೋ ಕೆಲವೊಮ್ಮೆ ಮುಚ್ಚಳದ ಒಳಗೋ ಅಂಟಿಕೊಂಡಿರುತ್ತದೆ, ಅಷ್ಟೇ. ಅದಕ್ಕೇ ಮೊದಲು ಸೆಂಟ್ರಿಫ್ಯೂಜ್‌ನಲ್ಲಿ ಒಂದು ನಿಮಿಷ ತಿರುಗಿಸಿ. ಆಮೇಲೆ ಮುಚ್ಚಳ.

ನಾನು ಹೇಳುತ್ತಿರುವುದು ರಿಯಲ್ ಟೈಮ್ ಪಿಸಿಆರ್‌ಗೆ (ಡಿಎನ್ಎ ನಕಲಾಗುತ್ತಿರುವಾಗಲೇ ಹೊಳಪಿನಿಂದ ಅದನ್ನು ಅಳೆಯುವ ವಿಧಾನ) ಹಾಕುವ ಟಾಕ್‌ಮನ್ ಮಾದರಿಯ ಪ್ರೋಬ್ ಬಗ್ಗೆ. ಕೋವಿಡ್ ಸಮಯದ ಆರ್‌ಟಿ-ಪಿಸಿಆರ್ ಟೆಸ್ಟ್‌ಗಳಲ್ಲಿ ಹೆಚ್ಚಾಗಿ ಬಳಸಿದ್ದು ಇಂಥವನ್ನೇ. ಎ, ಟಿ, ಜಿ, ಸಿ ಅನ್ನುವ ಅಕ್ಷರಗಳಲ್ಲಿ ಸುಮಾರು 20ರಿಂದ 30 ಅಕ್ಷರದ ಡಿಎನ್ಎ ತುಂಡು. ಒಂದು ತುದಿಗೆ ಹೊಳೆಯುವ ಬಣ್ಣ, ಇನ್ನೊಂದು ತುದಿಗೆ ಆ ಹೊಳಪನ್ನು ನುಂಗುವ ಕ್ವೆಂಚರ್. ಎರಡೂ ಹತ್ತಿರ ಇರುವ ತನಕ ಬೆಳಕಿಲ್ಲ. ನಾವು ಹುಡುಕುವ ಜೀನ್ ಸಿಕ್ಕರೆ ಪ್ರೋಬ್ ಅದರ ಮೇಲೆ ಕೂರುತ್ತದೆ, ನಕಲು ಮಾಡುತ್ತಾ ಬರುವ ಟಾಕ್ ಕಿಣ್ವ ದಾರಿಗೆ ಅಡ್ಡ ಇರುವ ಅದನ್ನು ಕತ್ತರಿಸಿ ಹಾಕುತ್ತದೆ, ಬಣ್ಣ ಬಿಡಿಸಿಕೊಂಡು ಹೊಳೆಯುತ್ತದೆ. ಫ್ಯಾಮ್ ಅನ್ನುವ ಬಣ್ಣವಾದರೆ ಸುಮಾರು 495 ನ್ಯಾನೋಮೀಟರ್‌ನ ನೀಲಿ ಬೆಳಕು ಹೀರಿ 520ರ ಹತ್ತಿರ ಹಸಿರು ಕೊಡುತ್ತದೆ. ಎಷ್ಟು ನಕಲೋ ಅಷ್ಟು ಬೆಳಕು. ಎಷ್ಟು ಸಲ ನೋಡಿದರೂ ನನಗೆ ಇದು ಬೇಜಾರಾಗಿಲ್ಲ.

ಪ್ರೋಬ್ ಬದಲು ಹಾಕುವ ಸೈಬರ್ ಗ್ರೀನ್ ಬಣ್ಣ ಅಗ್ಗ, ಕಲಿಯಲು ಒಳ್ಳೆಯದು. ಆದರೆ ಅದು ಯಾವುದೇ ಜೋಡಿ ಎಳೆಯ ಡಿಎನ್ಎಗೂ ಅಂಟುತ್ತದೆ, ನಕಲು ಶುರುಮಾಡಿಸುವ ಚಿಕ್ಕ ಡಿಎನ್ಎ ತುಂಡುಗಳಾದ ಪ್ರೈಮರ್‌ಗಳು ತಮ್ಮತಮ್ಮಲ್ಲೇ ಅಂಟಿಕೊಂಡರೂ ಹೊಳೆಯುತ್ತದೆ. ಮೆಲ್ಟ್ ಕರ್ವ್ (ಬಿಸಿ ಏರಿಸುತ್ತಾ ಎಳೆಗಳು ಯಾವ ಉಷ್ಣತೆಯಲ್ಲಿ ಬಿಡಿಸಿಕೊಂಡವು ಅಂತ ತೋರಿಸುವ ಗೆರೆ) ನೋಡದೆ ನಂಬಬೇಡಿ.

ಪ್ರೋಬನ್ನು ನೀವೇ ಡಿಸೈನ್ ಮಾಡುವುದಾದರೆ ಎರಡು ಮಾತು. ಫ್ಯಾಮ್ ಇರುವ ತುದಿಯಲ್ಲಿ ಜಿ ಅಕ್ಷರ ಬೇಡ, ಅದೇ ಹೊಳಪನ್ನು ತಗ್ಗಿಸುತ್ತದೆ. ಪ್ರೋಬ್‌ನ ಟಿಎಂ, ಅಂದರೆ ಅರ್ಧದಷ್ಟು ಎಳೆಗಳು ಬಿಡಿಸಿಕೊಳ್ಳುವ ಉಷ್ಣತೆ, ಪ್ರೈಮರ್‌ಗಿಂತ 8–10 ಡಿಗ್ರಿ ಜಾಸ್ತಿ ಇರಲಿ, ಯಾಕಂದ್ರೆ ಕಿಣ್ವ ಹೊರಡುವ ಮುಂಚೆ ಪ್ರೋಬ್ ತನ್ನ ಜಾಗದಲ್ಲಿ ಕೂತಿರಬೇಕು.

ಈಗ ಕರಗಿಸುವುದು. ಲೇಬಲ್ ಮೇಲೆ 12.4 ನ್ಯಾನೋಮೋಲ್ ಅಂತಿದ್ದರೆ ಹತ್ತರಿಂದ ಗುಣಿಸಿ, 124 ಮೈಕ್ರೋಲೀಟರ್ ಟಿಇ ಬಫರ್ (ಡಿಎನ್ಎ ಕರಗಿಸಿಡುವ ದ್ರಾವಣ) ಹಾಕಿ. 100 ಮೈಕ್ರೋಮೋಲಾರ್ ಸ್ಟಾಕ್ ಸಿದ್ಧ. ಫ್ಯಾಮ್‌ಗೆ ಪಿಎಚ್ 8 ಸರಿ. ಕೆಲವು ನಿಮಿಷ ಬಿಟ್ಟು ವೋರ್ಟೆಕ್ಸ್ ಯಂತ್ರದಲ್ಲಿ ಅಲ್ಲಾಡಿಸಿ, ಮತ್ತೆ ಒಂದು ಸಲ ತಿರುಗಿಸಿ. ಅದರಲ್ಲಿ 10 ತೆಗೆದು 90 ಬಫರ್ ಸೇರಿಸಿದರೆ 10 ಮೈಕ್ರೋಮೋಲಾರ್. 20 ಮೈಕ್ರೋಲೀಟರ್ ರಿಯಾಕ್ಷನ್‌ಗೆ ಇದರಿಂದ ಅರ್ಧ ಮೈಕ್ರೋಲೀಟರ್ ಸಾಕು, 250 ನ್ಯಾನೋಮೋಲಾರ್ ಆಗುತ್ತದೆ. ಪ್ಲೇಟಿನ ಒಂದೊಂದು ಬಾವಿಗೂ (ರಿಯಾಕ್ಷನ್ ಹಾಕುವ ಚಿಕ್ಕ ಗುಳಿ) ಅರ್ಧರ್ಧ ಅಳೆಯಲು ಹೋಗಬೇಡಿ, ಕೈ ತಪ್ಪುತ್ತದೆ. ಎಲ್ಲ ಬಾವಿಗೂ ಸೇರಿಸಿ ಒಂದೇ ಮಿಕ್ಸ್ ಮಾಡಿ, ಒಂದೆರಡು ಬಾವಿಗೆ ಆಗುವಷ್ಟು ಜಾಸ್ತಿಯೇ ಇರಲಿ.

ಬೆಳಕಿನ ವಿಷಯ ಮಾತ್ರ ದಯವಿಟ್ಟು ಹಗುರವಾಗಿ ತಗೋಬೇಡಿ. ದಾವಣಗೆರೆಯ ಏಪ್ರಿಲ್ ಬಿಸಿಲು ಗೊತ್ತಲ್ವಾ. ಒಮ್ಮೆ ಪಡುವಣ ಕಿಟಕಿಯ ಪಕ್ಕದ ಮೇಜಿನ ಮೇಲೆ ಟ್ಯೂಬ್ ಬಿಟ್ಟು ಊಟಕ್ಕೆ ಹೋಗಿದ್ದೆ. ವಾಪಸ್ ಬಂದಾಗ ಬಿಸಿಲು ನೇರ ಸ್ಟ್ಯಾಂಡ್ ಮೇಲೆ ಬಿದ್ದಿತ್ತು. ಸಂಜೆಯ ರನ್‌ನಲ್ಲಿ ಹೊಳಪು ಏರುವುದನ್ನು ತೋರಿಸುವ ಎಲ್ಲ ಗೆರೆಗಳೂ ಕುಗ್ಗಿ ಮಲಗಿದ್ದವು, ಖಂಡಿತ ಏರಲೇಬೇಕಾದ ಪಾಸಿಟಿವ್ ಕಂಟ್ರೋಲ್ ಕೂಡ. ಅವತ್ತಿನಿಂದ ಕಂದು ಟ್ಯೂಬ್ ಇಲ್ಲದಿದ್ದರೆ ಅಲ್ಯೂಮಿನಿಯಂ ಫಾಯಿಲ್ ಸುತ್ತುತ್ತೇನೆ. ಸುತ್ತಿದ ಮೇಲೆ ಹೆಸರು ಕಾಣಲ್ಲ, ಫಾಯಿಲ್ ಮೇಲೂ ಬರೆಯಿರಿ.

ಸ್ಟಾಕನ್ನು ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 20ರಲ್ಲಿಡಿ. ಒಂದೇ ಟ್ಯೂಬನ್ನು ದಿನಾ ಕರಗಿಸಿ ಹೆಪ್ಪುಗಟ್ಟಿಸಿದರೆ ಅದು ಹಾಳಾಗುತ್ತಾ ಹೋಗುತ್ತದೆ. ಕರೆಂಟ್ ಹೋಗುವ ಕಡೆ ಟ್ಯೂಬ್‌ಗಳನ್ನು ಥರ್ಮೋಕೋಲ್ ಡಬ್ಬಿಯೊಳಗೆ ಐಸ್ ಪ್ಯಾಕ್ ಜೊತೆ ಇಟ್ಟು ಫ್ರೀಜರ್‌ಗೆ ಸೇರಿಸಿ.

ರನ್ ಮುಗಿದ ಮೇಲೆ ಮೊದಲು ಡಿಎನ್ಎ ಹಾಕದ ಬಾವಿ ನೋಡಿ. ಅಲ್ಲಿ ಗೆರೆ ತಡವಾಗಿ ಏರಿದ್ದರೆ ಎಲ್ಲೋ ಡಿಎನ್ಎ ಸೇರಿಕೊಂಡಿದೆ, ನೀರು ಬಫರ್ ಎಲ್ಲ ಹೊಸದು ತೆಗೆದುಕೊಳ್ಳಿ. ಏರದೆ, ಕಚ್ಚಾ ಡೇಟಾದಲ್ಲಿ ಮೊದಲ ಸೈಕಲ್‌ನಿಂದಲೇ ಹೊಳಪು ಎತ್ತರದಲ್ಲಿದ್ದರೆ ಪ್ರೋಬ್ ಮುರಿದಿರಬಹುದು, ಹೊಸ ಪಾಲು ತೆಗೆದು ಮತ್ತೆ ಹಾಕಿ. ಮುಗಿದ ಪ್ಲೇಟನ್ನು ಮಾತ್ರ ಲ್ಯಾಬಿನಲ್ಲಿ ಬಿಚ್ಚಬೇಡಿ. ಅದರಲ್ಲಿ ಕೋಟಿಗಟ್ಟಲೆ ನಕಲುಗಳಿವೆ. ಸೀಲ್ ಸಮೇತ ಕವರ್‌ಗೆ ಹಾಕಿ ಕಟ್ಟಿ, ಲ್ಯಾಬಿನ ಕಸದ ನಿಯಮದಂತೆ ಹೊರಗೆ ಕಳಿಸಿ.